ಮ್ಯಾಟರ್‌ಹಾರ್ನ್‌ಗೆ ಹೋಗೋ ಮುಂಚೆ ಇಳಿಯೋದು ಕಲೀರಿ

ಪ್ರಶ್ನೆ: ನಮಸ್ಕಾರ ಸರ್, ನಾನು ಧಾರವಾಡದವನು, ಕೆಲಸಕ್ಕೆ ಅಂತ ಪುಣೆಗೆ ಬಂದು ಇಲ್ಲೇ ಸೆಟ್ಲ್ ಆಗಿದೀನಿ. ವೀಕೆಂಡ್ ಬಂದ್ರೆ ಸಹ್ಯಾದ್ರಿನೇ, ಹರಿಶ್ಚಂದ್ರಗಡ ನಳೀಚಿ ವಾಟ್ ಕಡೆಯಿಂದ ಹತ್ತಿದೀನಿ, ಲಿಂಗಾಣಾನೂ ಆಯ್ತು. ಮುಂದಿನ ಬೇಸಿಗೆಗೆ ಆಲ್ಪ್ಸ್ ಪರ್ವತದ ಮ್ಯಾಟರ್‌ಹಾರ್ನ್ ಮೇಲೆ ಕಣ್ಣಿದೆ. ಅದನ್ನ ಹತ್ತೋ ಹೋರ್ನ್ಲಿ ರಿಜ್ (ಏಣಿನ ದಾರಿ) ಅಷ್ಟೇನೂ ಕಷ್ಟ ಇಲ್ಲ, ಮೇಲ್ಗಡೆ ಹಗ್ಗನೂ ಕಟ್ಟಿರ್ತಾರೆ ಅಂತಾರೆ. ಗೈಡ್ ಇಟ್ಕೊಂಡು ಹೋಗಬಹುದಾ?
— ಓದುಗರು, ಕೋಥ್ರೂಡ್, ಪುಣೆ

ಉತ್ತರ: ಲಿಂಗಾಣಾ ಹತ್ತಿದವರಿಗೆ ಆಳ ನೋಡಿದ್ರೆ ಕಾಲು ನಡುಗಲ್ಲ, ಅದು ದೊಡ್ಡ ವಿಷಯ. ಆದ್ರೂ ಮುಂದಿನ ಬೇಸಿಗೆ ಬೇಡ, ಇನ್ನೊಂದು ವರ್ಷ ತಡೀರಿ.

ಲಿಂಗಾಣಾದಲ್ಲಿ ನಾವು ಹತ್ತೋದು ಕೈಕಾಲಲ್ಲಿ, ಇಳಿಯೋದು ರ‍್ಯಾಪೆಲ್ ಮಾಡಿ, ಹಗ್ಗದ ಮೇಲೆ ಭಾರ ಹಾಕಿ ಕೂತ್ಬಿಟ್ರೆ ಆಯ್ತು. ಹೋರ್ನ್ಲಿಯಲ್ಲಿ ಹಾಗೆ ನಡೆಯಲ್ಲ. 3260 ಮೀಟರ್‌ನಲ್ಲಿರೋ ಹಟ್‌ನಿಂದ 4478 ಮೀಟರ್ ತುದಿಗೆ ನಾಲ್ಕೈದು ಗಂಟೆ, ವಾಪಸ್ ಬರೋಕೂ ಹೆಚ್ಚುಕಮ್ಮಿ ಅಷ್ಟೇ, ಅದೂ ಬಹುಪಾಲು ಬಂಡೆ ಹಿಡ್ಕೊಂಡು ಒಂದೊಂದೇ ಹೆಜ್ಜೆ ಕೆಳಗಿಡ್ತಾ, ಬೆಳಗಿನ ಜಾವದಿಂದ ದುಡಿದ ಕಾಲಲ್ಲಿ. ದಪ್ಪ ಹಗ್ಗ ಇರೋದು ಸೊಲ್ವೇ ಹಟ್ ದಾಟಿದ ಮೇಲೆ, ಬೆಟ್ಟದ ‘ಭುಜ’ ಅನ್ನೋ ಭಾಗದ ಹತ್ರ. ಸೊಲ್ವೇ ಇರೋದು 4003 ಮೀಟರ್‌ನಲ್ಲಿ, ಎಮರ್ಜೆನ್ಸಿಗೆ ಮಾತ್ರ, ಮೂರು ಗಂಟೆಯೊಳಗೆ ಅಲ್ಲಿಗೆ ಮುಟ್ಟದಿದ್ರೆ ಗೈಡ್ ಸಾಮಾನ್ಯವಾಗಿ ವಾಪಸ್ ಕರ್ಕೊಂಡು ಬರ್ತಾರೆ, ಆಗ ಜಗಳ ಮಾಡಬೇಡಿ ದಯವಿಟ್ಟು.

1865ರ ಜುಲೈ 14ರಂದು ಇಂಗ್ಲಿಷ್ ಕ್ಲೈಂಬರ್ ವಿಂಪರ್ ತಂಡದ ಏಳೂ ಜನ ಮೊದಲ ಬಾರಿಗೆ ಈ ತುದಿ ಮುಟ್ಟಿದ್ರು, ಇಳಿಯುವಾಗ ಹ್ಯಾಡೋ ಅನ್ನೋ 19ರ ಹುಡುಗ ಜಾರಿ ಮುಂದಿದ್ದ ಗೈಡ್ ಕ್ರೋಜ್‌ಗೆ ಬಡಿದ, ಅವರ ಹಿಂದೆ ಹಡ್ಸನ್, ಡಗ್ಲಸ್ ಇಬ್ಬರನ್ನೂ ಹಗ್ಗ ಎಳ್ಕೊಂಡು ಹೋಯ್ತು, ಆಮೇಲೆ ಆ ಹಗ್ಗ ತುಂಡಾಗಿದ್ದರಿಂದ ಉಳಿದ ಮೂವರು ಬದುಕಿದ್ರು. ತುಂಡಾದ ಆ ಹಗ್ಗ ಇವತ್ತಿಗೂ ಬೆಟ್ಟದ ಬುಡದ ಜರ್ಮಾಟ್‌ನ ಮ್ಯೂಸಿಯಂನಲ್ಲಿದೆ, ಬೆರಳಷ್ಟೂ ದಪ್ಪ ಇಲ್ಲ.

ಇನ್ನೊಂದು ವಿಷ್ಯ ಎತ್ತರದ್ದು. ಜರ್ಮಾಟ್ ಊರೇ ಸುಮಾರು 1600 ಮೀಟರ್, ಅಂದ್ರೆ ಮಹಾರಾಷ್ಟ್ರದ ಅತಿ ಎತ್ತರದ ನಮ್ಮ ಕಳಸೂಬಾಯಿ ತುದಿ ಎಲ್ಲಿ ಮುಗಿಯುತ್ತೋ ಅಲ್ಲಿ ಆ ಊರಿನ ಬಸ್‌ಸ್ಟಾಪು. ಅದಕ್ಕೇ ಮೊದಲು ಉತ್ತರಕಾಶಿಯ ನೆಹರೂ ಪರ್ವತಾರೋಹಣ ಇನ್ಸ್ಟಿಟ್ಯೂಟಲ್ಲಿ ಬೇಸಿಕ್ ಕೋರ್ಸ್ ಮಾಡಿ, ಕ್ರ್ಯಾಂಪಾನ್ (ಬೂಟಿಗೆ ಕಟ್ಟೋ ಮುಳ್ಳು) ಹಾಕ್ಕೊಂಡು ನಡೆಯೋದು ರೂಢಿ ಆಗಲಿ. ಇಲ್ಲಿ ತೇಲ್‌ಬೈಲಾ ಥರದ ಕಡೆ ಹೋದಾಗ ಸುಲಭದ ಭಾಗಗಳನ್ನ ರ‍್ಯಾಪೆಲ್ ಮಾಡದೇ, ಮೇಲಿಂದ ಬಿಲೇ (ಜಾರಿದ್ರೆ ಹಿಡಿಯೋ ಹಗ್ಗ) ಇಟ್ಕೊಂಡು, ಕೈಕಾಲಲ್ಲೇ ಇಳಿದು ನೋಡಿ, ಬೂಟ್ ಹಾಕ್ಕೊಂಡೇ. ಜರ್ಮಾಟ್‌ಗೆ ಹೋದ ಮೇಲೂ ಮೊದಲು ರಿಫೆಲ್‌ಹಾರ್ನ್, ಆಮೇಲೆ 4164 ಮೀಟರಿನ ಬ್ರೈಟ್‌ಹಾರ್ನ್. ಹೋರ್ನ್ಲಿಯಲ್ಲಿ ಒಬ್ಬ ಗೈಡ್‌ಗೆ ಒಬ್ಬರೇ ಕ್ಲೈಂಟ್, ಖರ್ಚು ಜಾಸ್ತಿ, ಅದರಲ್ಲಿ ಉಳಿತಾಯ ಮಾಡೋಕೆ ಹೋಗಬೇಡಿ.

ಪ್ರಶ್ನೆ: ಮ್ಯಾಟರ್‌ಹಾರ್ನ್ ಸ್ವಿಟ್ಜರ್ಲೆಂಡಿಂದಾ ಇಟಲಿದಾ? ಎರಡು ವೀಸಾ ಬೇಕಾ?
— ಓದುಗರು, ಮಾಟುಂಗಾ, ಮುಂಬೈ

ಉತ್ತರ: ಗಡಿ ತುದಿಯ ಮೇಲೇ ಹಾದು ಹೋಗುತ್ತೆ. ಸ್ವಿಸ್ ತುದಿ 4478 ಮೀಟರ್, ಇಟಲಿಯದು 4476, ನಡುವೆ ಸಣ್ಣ ಹಿಮದ ಏಣು, ಒಂದು ಕಬ್ಬಿಣದ ಶಿಲುಬೆ. ಎರಡೂ ಶೆಂಗೆನ್ ದೇಶಗಳೇ, ಒಂದೇ ವೀಸಾ ಸಾಕು. ಇಟಲಿಯವರು ಚೆರ್ವಿನೋ ಅಂತಾರೆ, ಆ ಕಡೆಯಿಂದ ಇಟಲಿಯ ಗೈಡ್ ಕರೆಲ್ ಹತ್ತಿದ್ದು ವಿಂಪರ್ ಆಗಿ ಮೂರೇ ದಿನಕ್ಕೆ.