ಉತ್ತರ: ಬಾವಿ ಮೋಟಾರು ನೀರು ಎತ್ತುತ್ತಿಲ್ಲ, 3 ಎಚ್‌ಪಿ ತೆಗೆದು 5 ಹಾಕಲಾ?

ಅಣ್ಣಾ, 5 ಎಚ್‌ಪಿಗೆ ಅಡ್ವಾನ್ಸ್ ಕೊಡಬೇಡಿ. ಮೋಟಾರು ಬಾವಿ ದಡದಲ್ಲಿದೆ, ನೀರು 32 ಅಡಿ ಕೆಳಗೆ ಹೋಗಿದೆ ಅಂತ ನೀವೇ ಬರೆದಿದ್ದೀರಿ. ತೊಂದರೆ ಅಲ್ಲೇ ಇದೆ.

ಪಂಪು ಸಕ್ಷನ್ ಪೈಪಿನೊಳಗೆ, ಅಂದರೆ ಬಾವಿ ನೀರಿನಿಂದ ಪಂಪಿಗೆ ಬರುವ ಪೈಪಿನೊಳಗೆ, ಒತ್ತಡ ಇಳಿಸುತ್ತದೆ, ಅಷ್ಟೇ. ನೀರನ್ನು ಮೇಲಕ್ಕೆ ನೂಕುವುದು ಬಾವಿಯ ಮೇಲಿರುವ ಗಾಳಿ. ಮಗಳು ಬಿಎಸ್ಸಿ ಮೊದಲ ವರ್ಷ ಫಿಸಿಕ್ಸ್ ಅಂದಿರಲ್ವಾ, ಅವಳ ಹತ್ತಿರವೇ ಲೆಕ್ಕ ಹಾಕಿಸಿ. ಗಾಳಿಯ ಒತ್ತಡ 1,01,300 ಪಾಸ್ಕಲ್. ಅದನ್ನು ನೀರಿನ ಸಾಂದ್ರತೆ 1000, ಗುರುತ್ವ 9.8, ಎರಡರಿಂದಲೂ ಭಾಗಿಸಿದರೆ 10.3 ಮೀಟರ್, ಅಂದರೆ 34 ಅಡಿ; ಗಾಳಿ ನೀರನ್ನು ನೂಕಬಲ್ಲದ್ದು ಅಷ್ಟೇ ಎತ್ತರಕ್ಕೆ. ಅದೂ ಸಮುದ್ರದ ದಡದಲ್ಲಿ. ನಮ್ಮ ಹಾಸನ 900 ಮೀಟರಿಗಿಂತ ಎತ್ತರ, ಇಲ್ಲಿ 30 ಅಡಿಗೇ ಮುಗಿಯಿತು. ಪೈಪಿನ ಘರ್ಷಣೆ, ಬೆಂಡು, ಪೈಪಿನ ತಳದ ಫುಟ್‌ವಾಲ್ವ್ ಎಲ್ಲ ಕಳೆದರೆ 20 ಅಡಿ ನಂಬಬಹುದು. ಕಿರ್ಲೋಸ್ಕರ್ ಹಾಕಿ, ಟೆಕ್ಸ್‌ಮೋ ಹಾಕಿ, ಎರಡೂ ಒಳ್ಳೆಯವೇ. ಆದರೆ ಗಾಳಿಯ ಒತ್ತಡ ಜಾಸ್ತಿ ಮಾಡುವ ಪಂಪು ಯಾರೂ ಮಾರಲ್ಲ.

ನಮ್ಮ ದೊಡ್ಡಪ್ಪ ಇದನ್ನೇ ಮಾಡಿದ್ದರು. ನೀರು 26 ಅಡಿಯಲ್ಲಿತ್ತು, ದೊಡ್ಡ ಮೋಟಾರು ತಂದು ದಡದಲ್ಲೇ ಕೂರಿಸಿದರು. ಸ್ವಲ್ಪ ನೀರು ಬಂತು, ಆಮೇಲೆ ಪಂಪಿನೊಳಗೆ ಜಲ್ಲಿ ಹಾಕಿ ಕುಲುಕಿದ ಹಾಗೆ ಸದ್ದು. ಒತ್ತಡ ತೀರಾ ಇಳಿದರೆ ತಣ್ಣೀರೂ ಕುದಿಯುತ್ತದೆ. ಆ ಗುಳ್ಳೆಗಳು ಇಂಪೆಲ್ಲರ್ (ಪಂಪಿನೊಳಗೆ ತಿರುಗುವ ರೆಕ್ಕೆಚಕ್ರ) ಮೇಲೆ ಒಡೆದು ಲೋಹವನ್ನು ತಿನ್ನುತ್ತವೆ. ಬಿಚ್ಚಿ ನೋಡಿದರೆ ರೆಕ್ಕೆ ತುಂಬ ಸಣ್ಣ ಸಣ್ಣ ಗುಳಿ, ಅಂಚಿಗೆ ಬೆರಳಿಟ್ಟರೆ ಚುಚ್ಚುತ್ತಿತ್ತು. ಎಲ್ಲರೂ ಸುಮ್ನೆ ಮಿಸ್ತ್ರಿಯನ್ನು ಬೈದರು.

ಮೋಟಾರನ್ನೇ ಕೆಳಗಿಳಿಸಿ. ಬಾವಿಯೊಳಗೆ ಕಟ್ಟೆ ಕಟ್ಟಿಸಿ, ಬೇಸಿಗೆಯಲ್ಲೂ ನೀರಿಗೂ ಪಂಪಿಗೂ 15 ಅಡಿ ಮೀರದಿರಲಿ. ಪಂಪಿಗೆ ಬಂದ ನೀರನ್ನು ಪಂಪು ಮೇಲಕ್ಕೆ ನೂಕುವುದಕ್ಕೆ ಈ ಮಿತಿ ಇಲ್ಲ, ಎಚ್‌ಪಿ ಲೆಕ್ಕಕ್ಕೆ ಬರುವುದು ಅಲ್ಲಿ. ಮಳೆಗಾಲದಲ್ಲಿ ಮೋಟಾರು ಮುಳುಗುವ ಬಾವಿಯಾದರೆ ನೀರೊಳಗೇ ಮುಳುಗಿ ಓಡುವ ಓಪನ್‌ವೆಲ್ ಸಬ್‌ಮರ್ಸಿಬಲ್ಲೇ ಸರಿ.

ಸಕ್ಷನ್ 2 ಇಂಚಿದ್ದರೆ ಎರಡೂವರೆ ಮಾಡಿ. ಅಷ್ಟೇ ನೀರಿಗೆ ಘರ್ಷಣೆ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಇದನ್ನು ಹೇಳಿದರೆ ಅಂಗಡಿಯವರು ಪಂಪಿನಿಂದ ಹೊರಗೆ ಹೋಗುವ ಡೆಲಿವರಿ ಪೈಪು ದಪ್ಪ ಮಾಡಿ ಅಂತಾರೆ, ಅದು ಬೇರೆ ವಿಷಯ. ಸಕ್ಷನ್ ಜಾಯಿಂಟಿನಲ್ಲಿ ಲೀಕ್ ಇದ್ದರೆ ನೀರು ಹೊರಗೆ ಸೋರಲ್ಲ, ಗಾಳಿ ಒಳಗೆ ಹೋಗುತ್ತದೆ. ಪಂಪು ಓಡುವಾಗ ಸೋಪಿನ ನೊರೆ ಹಚ್ಚಿ, ನೊರೆ ಒಳಗೆ ಹೋದ ಕಡೆ ಲೀಕ್ ಇದೆ.

ವೋಲ್ಟೇಜ್ ಕಡಿಮೆ ಇದ್ದಾಗ ಡೆಲಿವರಿ ಗೇಟ್‌ವಾಲ್ವ್ ಮುಚ್ಚಿ ಸ್ಟಾರ್ಟ್ ಮಾಡಿ, ವೇಗ ಹಿಡಿದ ಕೂಡಲೇ ತೆರೆಯಿರಿ. ಮುಚ್ಚಿಟ್ಟೇ ಓಡಿಸಿದರೆ ಒಳಗಿನ ನೀರು ಕಾಯುತ್ತದೆ. ಈಗ ಪೈಪು ಎಷ್ಟು ಇಂಚು, ಬೆಂಡು ಎಷ್ಟಿವೆ ಬರೆಯಿರಿ, ಬಾವಿಯ ಫೋಟೋನೂ ಹಾಕಿ.