ಕೌದಿ ಹೊಲಿಯಬೇಕಾ? ಮೊದಲು ಅಂಗಡಿಗೆ ಹೋಗಬೇಡಿ

ಕೌದಿಯನ್ನು, ಅಂದರೆ ಹಳೇ ಬಟ್ಟೆ ಪದರ ಪದರ ಸೇರಿಸಿ ಮಾಡುವ ಹೊದಿಕೆಯನ್ನು, ಕೈಯಲ್ಲಿ ಹೊಲಿಯುವುದರ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಒಂದೇ ಥರದವನ್ನು ಸೇರಿಸಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಅಕ್ಕಾ, ಅಜ್ಜಿಯ ಹಳೇ ಕಾಟನ್ ಸೀರೆ ಏಳೆಂಟು ಇವೆ. ಕೌದಿ ಮಾಡಬೇಕು ಅಂತ ಆಸೆ. ಆದರೆ ಗುಂಡಿ ಹಚ್ಚೋದು ಬಿಟ್ಟರೆ ನನಗೆ ಹೊಲಿಗೆ ಬರಲ್ಲ. ಆನ್‌ಲೈನ್‌ನಲ್ಲಿ ನೋಡಿದರೆ ಕಟರ್, ಮ್ಯಾಟ್, ಸ್ಕೇಲು, ಫ್ರೇಮು ಅಂತ ಏನೇನೋ ತೋರಿಸ್ತಾರೆ. ಎಲ್ಲಿಂದ ಶುರು ಮಾಡಲಿ? (ಹುಬ್ಬಳ್ಳಿ)

ಉತ್ತರ: ಗುಂಡಿ ಹಚ್ಚೋಕೆ ಬಂದರೆ ಸಾಕು. ನೀವು ನೋಡಿದ ಸಾಮಾನೆಲ್ಲ ಬೇರೆ ಪದ್ಧತಿಯದು. ಅಲ್ಲಿ ಬಟ್ಟೆಯನ್ನು ಅಳತೆಗೆ ಸರಿಯಾಗಿ ಕತ್ತರಿಸಿ, ಕಾಲು ಇಂಚು ಬಿಟ್ಟು ಒಂದಕ್ಕೊಂದು ಜೋಡಿಸಿ, ಆಮೇಲೆ ನಡುವೆ ಹತ್ತಿ ಇಟ್ಟು ಹೊಲಿಯುತ್ತಾರೆ. ನಮ್ಮ ಕೌದಿಗೆ ಅಷ್ಟೆಲ್ಲ ಇಲ್ಲ. ಬಟ್ಟೆ ಮೇಲೆ ಬಟ್ಟೆ ಹಾಸಿ, ಎಲ್ಲ ಪದರ ಸೇರಿ ಹಿಡಿಯುವ ಹಾಗೆ ಹೊಲಿಯುತ್ತಾ ಹೋಗುವುದು, ಅಷ್ಟೇ. ಸೂಜಿ, ದಾರ, ಕತ್ತರಿ, ಗುಡಿಸಿ ಒರೆಸಿದ ನೆಲ. ಇಷ್ಟಿದ್ದರೆ ಆಯಿತು.

ಅಜ್ಜಿಯ ಸೀರೆಗೆ ಮಾತ್ರ ಈಗಲೇ ಕತ್ತರಿ ಹಾಕಬೇಡಿ. ಮೊದಲು ಒಂದು ಕೂಸಿನ ಕೌದಿ ಹೊಲಿಯಿರಿ, 30 ಇಂಚು ಅಗಲ, 40 ಇಂಚು ಉದ್ದ. ಹಳೇ ಪಂಚೆ, ಕಾಟನ್ ನೈಟಿ, ಬಣ್ಣ ಹೋದ ಬೆಡ್‌ಶೀಟು ಏನಾದರೂ ನಡೆಯುತ್ತದೆ. ಎಲ್ಲವನ್ನೂ ಒಗೆದು ಒಣಗಿಸಿ. ಕೆಂಪು, ಕಡುನೀಲಿ ಬಟ್ಟೆ ಇದ್ದರೆ ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ, ಬಣ್ಣ ಹತ್ತಿದರೆ ಪಕ್ಕಕ್ಕಿಡಿ. ಸವೆದು ಪಿಸಿದ ಬಟ್ಟೆ ಯಾವುದು ಅಂತ ತಿಳಿಯಬೇಕಾದರೆ ಬೆಳಕಿಗೆ ಹಿಡಿದು, ಎರಡು ಹೆಬ್ಬೆರಳಿನ ನಡುವೆ ಮೆಲ್ಲಗೆ ಜಗ್ಗಿ. ಬಿಟ್ಟುಕೊಳ್ಳುವಂಥದ್ದು ಒಳಪದರಕ್ಕೆ. ಗಟ್ಟಿ ಇರುವುದು ಮೇಲೆ ಮತ್ತು ಅಡಿಗೆ.

ಅಡಿ ಬಟ್ಟೆ ಸುತ್ತಲೂ ಎರಡು ಇಂಚು ದೊಡ್ಡದಿರಲಿ. ಅದನ್ನು ನೆಲದ ಮೇಲೆ ಹಾಸಿ, ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಿ ಸುಕ್ಕು ತೆಗೆಯಿರಿ. ಮೂಲೆಗಳ ಮೇಲೆ ಭಾರ ಇಡಿ. ಮೇಲೆ ಒಳಪದರ ಎರಡೋ ಮೂರೋ ಹಾಸಿ. ಹೆಚ್ಚಾದರೆ ಹೊಸಬರ ಕೈಯಲ್ಲಿ ಸೂಜಿ ಇಳಿಯುವುದಿಲ್ಲ. ಈಗ ಗೇಣಿಗೊಂದು ಸಾಲಿನಂತೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ. ಕೊನೆಯಲ್ಲಿ ಬಿಚ್ಚಿ ಎಸೆಯುವ ಹೊಲಿಗೆ ಇದು, ಅದಕ್ಕೇ ಎಲ್ಲರೂ ಬಿಟ್ಟುಬಿಡುತ್ತಾರೆ, ಆಮೇಲೆ ನನಗೆ ಪತ್ರ ಬರೆಯುತ್ತಾರೆ! ಮಿಕ್ಕ ಎರಡು ಇಂಚನ್ನು ಒಳಪದರದ ಮೇಲಕ್ಕೆ ಮಡಿಚಿದರೆ ಅಂಚು ತಯಾರು.

ಇನ್ನು ಮೇಲಿನ ತುಂಡುಗಳು. ಕೌದಿಯ ಅಂಚಿಗೆ ಒಂದು ತುಂಡು ಇಡಿ, ತುಂಡಿನ ಅಂಚನ್ನು ಸೂಜಿ ಮೊನೆಯಿಂದಲೇ ಕಾಲು ಇಂಚು ಒಳಗೆ ತಳ್ಳಿ, ಹೆಬ್ಬೆರಳಿನಿಂದ ಒತ್ತಿ ಹಿಡಿದು ರನ್ನಿಂಗ್ ಹೊಲಿಗೆ ಹಾಕಿ, ಅಂದರೆ ಸೂಜಿಯನ್ನು ಮೇಲೆ ಕೆಳಗೆ ಮಾಡುತ್ತಾ ಎಲ್ಲ ಪದರ ಹಿಡಿದು ಮುಂದೆ ಸಾಗುವ ಸಾದಾ ಹೊಲಿಗೆ. ಪಕ್ಕದ ತುಂಡು ಅದರ ಮೇಲೆ ಸ್ವಲ್ಪ ಬರಲಿ. ಸಾಲಿನಿಂದ ಸಾಲಿಗೆ ಒಂದು ಇಂಚು ಅಂತರ, ಇಂಚಿಗೆ ಮೂರು ನಾಲ್ಕು ಹೊಲಿಗೆ ಬಂದರೆ ಮೊದಲ ಕೌದಿಗೆ ಧಾರಾಳವಾಯಿತು. ಸಣ್ಣದಾಗಿ ಬರುವುದಕ್ಕಿಂತ ಒಂದೇ ಸಮ ಬರುವುದು ಮುಖ್ಯ.

ಪ್ರಶ್ನೆ: ಮೇಲಿನಿಂದ ನೀಟಾಗಿ ಕಾಣ್ತದೆ, ತಿರುಗಿಸಿದರೆ ಅಡಿಗೆ ಮಡಿಕೆ ಮಡಿಕೆ. ನಡುವಿನಿಂದ ಹೊಲಿಯಬೇಕು ಅಂತ ಕೆಲವರು, ಅಂಚಿನಿಂದ ಅಂತ ಕೆಲವರು. ಯಾವುದು ಸರಿ? (ಶಿರಸಿ)

ಉತ್ತರ: ಎರಡೂ ಸರಿ, ಏನು ಹೊಲಿಯುತ್ತಿದ್ದೀರಿ ಅನ್ನುವುದರ ಮೇಲಿದೆ. ಮೇಲ್ಪದರವನ್ನು ಮೊದಲೇ ಇಡಿಯಾಗಿ ಜೋಡಿಸಿಟ್ಟಿದ್ದರೆ ನಡುವಿನಿಂದ ಹೊರಟು ಅಂಚಿಗೆ ಬನ್ನಿ, ಆಗ ಹೆಚ್ಚಾದ ಬಟ್ಟೆ ಹೊರಕ್ಕೆ ಸರಿದು ಹೋಗುತ್ತದೆ. ಅಂಚಿನಿಂದ ಶುರು ಮಾಡಿದರೆ ಅದೆಲ್ಲ ನಡುವೆ ಬಂದು ಉಬ್ಬಿಕೊಳ್ಳುತ್ತದೆ.

ಆದರೆ ನಿಮ್ಮ ಜಿಲ್ಲೆಯಲ್ಲೇ ಇದಕ್ಕೆ ತಿರುಗಾಮುರುಗಾ ಮಾಡುವವರಿದ್ದಾರೆ ನೋಡಿ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕೌದಿ ಅಂಚಿನಿಂದಲೇ ಶುರುವಾಗುತ್ತದೆ. ಸುತ್ತಲೂ ಬರುತ್ತಾ ಬರುತ್ತಾ ನಡುವೆ ಮುಗಿಯುತ್ತದೆ. ಅವರಿಗೆ ಯಾಕೆ ಉಬ್ಬುವುದಿಲ್ಲ? ತುಂಡುಗಳನ್ನು ಮೊದಲೇ ಜೋಡಿಸಿರುವುದಿಲ್ಲ. ಹೊಲಿಗೆ ಎಲ್ಲಿಗೆ ಬಂತೋ ಅಲ್ಲಿಗೆ ಮುಂದಿನ ತುಂಡು ಇಡುತ್ತಾರೆ, ಹೆಚ್ಚಾದದ್ದನ್ನು ಅಲ್ಲೇ ಮಡಿಚಿಬಿಡುತ್ತಾರೆ. ಕೊನೆಗೆ ನಾಲ್ಕೂ ಮೂಲೆಗೆ ಮಡಿಸಿದ ಬಟ್ಟೆಯ ಸಣ್ಣ ತ್ರಿಕೋನ ಹಚ್ಚುತ್ತಾರೆ. ಅದಕ್ಕೆ ಫುಲಾ ಅನ್ನುತ್ತಾರೆ. ಅದಿಲ್ಲದಿದ್ದರೆ ಕೌದಿ ಪೂರ್ತಿಯಾದ ಹಾಗಲ್ಲ. ಹೊಸಬರಿಗೆ ನಾನು ಹೇಳುವುದು ಈ ದಾರಿಯನ್ನೇ, ಅಳತೆಯ ತಲೆನೋವೇ ಇಲ್ಲ.

ನಿಮ್ಮ ಮಡಿಕೆಗೆ ಇನ್ನೊಂದು ಕಾರಣ, ದಾರ ಬಿಗಿ ಎಳೆಯುತ್ತಿರಬಹುದು. ಹೊಲಿಗೆ ಬಟ್ಟೆಯ ಮೇಲೆ ಕೂತರೆ ಸಾಕು, ಕುಣಿಕೆ ಬಿಗಿದ ಹಾಗೆ ಜಗ್ಗಬಾರದು. ನಾಲ್ಕು ಹೊಲಿಗೆಗೊಮ್ಮೆ ಎಡಗೈಯನ್ನು ಅಡಿಗೆ ಹಾಕಿ ಸವರಿ ನೋಡಿ. ಮಡಿಕೆ ಕೈಗೆ ಸಿಕ್ಕರೆ ಅಷ್ಟನ್ನೇ ಬಿಚ್ಚಿ.

ಪ್ರಶ್ನೆ: ಯಾವ ಸೂಜಿ, ಯಾವ ದಾರ? ದಾರ ಪದೇ ಪದೇ ಗಂಟಾಗ್ತದೆ. ಬೆರಳಂತೂ ತೂತು ಬಿದ್ದಿದೆ. (ಗದಗ)

ಉತ್ತರ: ದಪ್ಪ, ಹುರಿ ಬಿಗಿಯಿರುವ ಹತ್ತಿ ದಾರ. ಕಸೂತಿ ದಾರ ಚೆಂದವೇ, ಆದರೆ ಹುರಿ ಸಡಿಲ, ದಿನಾ ಹೊದ್ದು ಒಗೆಯುವ ಕೌದಿಯಲ್ಲಿ ಬೇಗ ಸವೆಯುತ್ತದೆ. ಕುಶನ್ ಕವರಿಗಾದರೆ ಹಾಕಿ. ಒಂದು ಮೊಳಕ್ಕಿಂತ, ಅಂದರೆ ಒಂದೂವರೆ ಅಡಿಗಿಂತ, ಉದ್ದ ಪೋಣಿಸಬೇಡಿ, ಗಂಟಾಗುವುದು ಉದ್ದದ ದಾರವೇ. ಮೇಣದ ಬತ್ತಿಗೆ ಒಮ್ಮೆ ತೀಡಿದರೆ ಇನ್ನೂ ಒಳ್ಳೆಯದು, ಜೇನುಮೇಣ ಸಿಕ್ಕರಂತೂ ಕೇಳುವುದೇ ಬೇಡ. ಸೂಜಿ ದಾರ ಹಿಡಿಯುವಷ್ಟು ಕಣ್ಣಿರುವ ಉದ್ದನೆಯದಿರಲಿ, ಗೋಣಿ ಹೊಲಿಯುವ ದಬ್ಬಣ ಬೇಡ. ನಡುಬೆರಳಿಗೆ ದರ್ಜಿಗಳು ಹಾಕುವ ಲೋಹದ ಟೋಪಿ ಹಾಕಿಕೊಳ್ಳಿ. ಮೊದಲು ಕಿರಿಕಿರಿ ಅನ್ನಿಸುತ್ತದೆ, ಬಿಡಬೇಡಿ.

ಪ್ರಶ್ನೆ: ಗಂಡಸರು ಕಲಿಯಬಹುದಾ? (ಮಂಡ್ಯ)

ಉತ್ತರ: ದರ್ಜಿ ಅಂಗಡಿಯಲ್ಲಿ ಕೂತಿರುವವರು ಯಾರು ಮತ್ತೆ? ಶುರು ಮಾಡಿ.

ಪ್ರಶ್ನೆ: ಕೌದಿ ಹೊಲಿದುಕೊಡುವವರನ್ನು ಕೇಳಿದೆ. ಹಳೇ ಬಟ್ಟೆ ನಮ್ಮದೇ, ಕೂಲಿ ಮಾತ್ರ ಜಾಸ್ತಿ ಹೇಳಿದರು. ಚೌಕಾಸಿ ಮಾಡಬಹುದಾ? (ಬೆಂಗಳೂರು)

ಉತ್ತರ: ಮಾಡಬೇಡಿ ಅನ್ನುತ್ತೇನೆ. ಲೆಕ್ಕ ಹಾಕೋಣ ಬನ್ನಿ. ಐದಡಿ ಅಗಲ, ಏಳಡಿ ಉದ್ದದ ಕೌದಿ. ಇಂಚಿಗೊಂದು ಸಾಲಾದರೆ 60 ಸಾಲು, ಒಂದೊಂದು 84 ಇಂಚು. ಇಂಚಿಗೆ ನಾಲ್ಕು ಹೊಲಿಗೆಯಂತೆ 20,160 ಹೊಲಿಗೆ. ಸಾಲಿನ ಉದ್ದ ಕೂಡಿಸಿದರೆ 420 ಅಡಿ, ಅಂದರೆ ಮೊಳದ ದಾರದಲ್ಲಿ ಕಡಿಮೆಯೆಂದರೂ 280 ಸಲ ಸೂಜಿಗೆ ದಾರ ಪೋಣಿಸಬೇಕು. ಅದೂ ನೆಲದ ಮೇಲೆ ಬಗ್ಗಿ ಕೂತು. ಸಾಲು ಇನ್ನೂ ಹತ್ತಿರ ಇದ್ದರೆ ಎಲ್ಲ ದುಪ್ಪಟ್ಟು. ಈಗ ಹೇಳಿ, ಅವರು ಕೇಳಿದ್ದು ಜಾಸ್ತಿ ಆಯಿತಾ?

ಪ್ರಶ್ನೆ: ಇಲ್ಲಿ ಚಳಿ ವಿಪರೀತ. ಊರಿಂದ ತಂದ ಅಮ್ಮನ ಸೀರೆಗಳಲ್ಲಿ ಅರ್ಧ ಪಾಲಿಯೆಸ್ಟರ್. ಒಳಗೆ ಹತ್ತಿ ತುಂಬಿ ಹೊಲಿಯಬಹುದಾ? (ನ್ಯೂಜೆರ್ಸಿ)

ಉತ್ತರ: ಬಿಡಿ ಹತ್ತಿ ತುಂಬಬೇಡಿ, ಎರಡು ಸಲ ಒಗೆಯುವಷ್ಟರಲ್ಲಿ ಒಂದು ಮೂಲೆಗೆ ಹೋಗಿ ಗುಡ್ಡೆ ಬೀಳುತ್ತದೆ. ಅಲ್ಲಿ ಒಳಗೆ ಹಾಸುವ ಪದರ ಹಾಳೆಯಂತೆ ಸಿಗುತ್ತದೆ, ಬ್ಯಾಟಿಂಗ್ ಅನ್ನುತ್ತಾರೆ, ಅದನ್ನು ತನ್ನಿ. ಹೊಲಿಗೆ ಸಾಲುಗಳ ನಡುವೆ ಹೆಚ್ಚೆಂದರೆ ಎಷ್ಟು ಅಂತರ ಬಿಡಬಹುದು ಅಂತ ಪ್ಯಾಕೆಟ್ ಮೇಲೆ ಬರೆದಿರುತ್ತದೆ, ಅದನ್ನು ಮೀರಬೇಡಿ. ಪಾಲಿಯೆಸ್ಟರ್ ಸೀರೆ ಕೈಯಲ್ಲಿ ಜಾರುತ್ತದೆ, ಮಡಿಚಿದ ಅಂಚು ನಿಲ್ಲುವುದಿಲ್ಲ, ಬೆವರೂ ಹೀರುವುದಿಲ್ಲ. ಅಮ್ಮನ ನೆನಪಿಗೆ ಬೇಕೇಬೇಕು ಅಂದರೆ ಮೇಲ್ಪದರದಲ್ಲಿ ಅಲ್ಲಲ್ಲಿ ಸಣ್ಣ ತುಂಡು ಹಾಕಿ. ಮೈಗೆ ತಾಗುವ ಕಡೆ ಕಾಟನ್ನೇ ಇರಲಿ. ಇಳಕಲ್ ಸೀರೆ ಇದ್ದರೆ ಅದರ ಕಾಟನ್ ಒಡಲನ್ನಷ್ಟೇ ಬಳಸಿ, ರೇಷ್ಮೆ ಸೆರಗನ್ನು ಬೇರೆ ತೆಗೆದಿಡಿ.

ಪ್ರಶ್ನೆ: ವಾಷಿಂಗ್ ಮಷಿನ್‌ಗೆ ಹಾಕಬಹುದಾ? (ದಾವಣಗೆರೆ)

ಉತ್ತರ: ಕೂಸಿನ ಕೌದಿಯಾದರೆ ತಣ್ಣೀರಲ್ಲಿ, ಮೆಲ್ಲಗೆ ತಿರುಗುವ ಸೆಟ್ಟಿಂಗ್‌ನಲ್ಲಿ ಹಾಕಿ. ದೊಡ್ಡದು ನೀರು ಕುಡಿದರೆ ಇಬ್ಬರು ಎತ್ತಬೇಕಾಗುತ್ತದೆ. ಅದನ್ನು ಬಕೆಟ್‌ನಲ್ಲಿ ನೆನೆಸಿ ತುಳಿದು ಒಗೆಯುವುದೇ ಸುಲಭ. ಹಿಂಡಬೇಡಿ, ಹಳೇ ದಾರ ತುಂಡಾಗುತ್ತದೆ. ಒಂದೇ ತಂತಿಯ ಮೇಲೆ ಜೋತು ಹಾಕುವ ಬದಲು ತಾರಸಿ ಗೋಡೆಯ ಮೇಲೆ ಅಗಲವಾಗಿ ಹರವಿ. ಒಳಪದರ ಒಣಗಿದೆಯಾ ಅಂತ ನೋಡಿ ಮಡಿಚಿಡಿ, ಮೇಲೆ ಒಣಗಿದ್ದರೂ ಒಳಗೆ ಹಸಿ ಇರುತ್ತದೆ.