ಗೊಬ್ಬರ ಕಾರ್ಖಾನೆಯಲ್ಲಿ ಅಮೋನಿಯಾ ಸೋರಿದರೆ ನೀರು ಹೊಡೆಯುವುದು ಯಾಕೆ?

ಅಮೋನಿಯಾ ನೀರಿನಲ್ಲಿ ಬಲುಬೇಗ ಕರಗುತ್ತದೆ, ಅದಕ್ಕೇ. ಸೋರಿದ ಜಾಗದ ಸುತ್ತ ನೀರಿನ ಪರದೆ ಎಬ್ಬಿಸಿದರೆ ಹರಡುವ ಅನಿಲವನ್ನು ಅದು ಹೀರಿಕೊಳ್ಳುತ್ತದೆ. ಆದರೆ ನೆಲದ ಮೇಲೆ ನಿಂತ ದ್ರವ ಅಮೋನಿಯಾಕ್ಕೆ ಮಾತ್ರ ನೀರು ಬೀಳಬಾರದು. ದೊಡ್ಡ ಟ್ಯಾಂಕುಗಳಲ್ಲಿ ಅದನ್ನು ಮೈನಸ್ 33 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟಿರುತ್ತಾರೆ. ಅದರ ಮುಂದೆ ನಲ್ಲಿ ನೀರೂ ಬಿಸಿಯೇ! ಬಿದ್ದ ಕೂಡಲೇ ಅಮೋನಿಯಾ ಕುದ್ದು ಇನ್ನೂ ಜಾಸ್ತಿ ಅನಿಲ ಏಳುತ್ತದೆ.

ಗಾಳಿಗಿಂತ ಹಗುರ, ಮೇಲೆ ಹೋಗುತ್ತೆ ಅಲ್ವಾ ಅಂತ ಸುಮ್ನೆ ನಿಲ್ಲಬೇಡಿ. ತಣ್ಣಗಿರುವಾಗ ಅದು ಬಿಳಿ ಮಂಜಿನಂತೆ ನೆಲ ಹಿಡಿದೇ ಸಾಗುತ್ತದೆ. 2023ರ ಡಿಸೆಂಬರ್‌ನಲ್ಲಿ ಚೆನ್ನೈನ ಎಣ್ಣೂರಿನಲ್ಲಿ ಗೊಬ್ಬರ ಕಾರ್ಖಾನೆಯೊಂದರ ಸಮುದ್ರದೊಳಗಿನ ಪೈಪಿನಿಂದ ಅಮೋನಿಯಾ ಸೋರಿದಾಗ ಜನ ರಾತ್ರೋರಾತ್ರಿ ಮನೆ ಬಿಟ್ಟು ಓಡಿದರು. ಓಡುವುದಾದರೆ ಗಾಳಿ ಬೀಸುವ ದಿಕ್ಕಿಗೆ ಅಡ್ಡಲಾಗಿ ಓಡಬೇಕು. ಹಾಗಾಗಿ ಗಾಳಿಯ ದಿಕ್ಕು ತೋರಿಸಲು ಕಾರ್ಖಾನೆಯಲ್ಲಿ ಕಂಬಕ್ಕೆ ಕಟ್ಟಿರುವ ಗಾಳಿಚೀಲ ಅಕ್ಕಪಕ್ಕದ ಊರಿನವರಿಗೂ ಕಾಣಬೇಕು.